ಮೊದಲ ಸುತ್ತಿನ ಹೆಸರು

ನನ್ನ ಅಕ್ಕನ ಗಂಡ ಕ್ಯಾಸಿಮಿರ್ ವೊಲಾನ್ಸ್ಕಿ, ಎಲ್ಲರ ಬಾಯಲ್ಲಿ ಕ್ಯಾಸ್, ನಮ್ಮ ಕೌಂಟಿಯ ರಸ್ತೆಗಳ ಮೇಲೆ ಗೆರೆ ಎಳೆಯುವ ಕೆಲಸದವನು. ಬಣ್ಣದ ಲಾರಿಯಲ್ಲಿ ಕೂತು, ಎರೀ ಸರೋವರದ ದಂಡೆಯಿಂದ ಹಿಡಿದು ಜೋಳದ ಹೊಲಗಳ ತನಕ ಬಿಳಿ ಗೆರೆ, ಹಳದಿ ಗೆರೆ ಎಳೆಯುತ್ತಲೇ ಅವನ ತಲೆ ನರೆಯಿತು. ಅವನು ಎಳೆದ ಗೆರೆ ನೆಟ್ಟಗಿರುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಶಾಲಾ ಬಸ್ಸು ಓಡಿಸಿದವಳು ನಾನು. ಹಿಮ ಬೀಳುವಾಗ ಆ ಗೆರೆಗಳನ್ನು ನಂಬಿಯೇ ಮಕ್ಕಳನ್ನು ಮನೆ ಮುಟ್ಟಿಸಿದ್ದೇನೆ. ಲಾರಿಯಿಂದ ಕೆಳಗಿಳಿದರೆ ಮಾತ್ರ ಮನುಷ್ಯ ಪೂರ್ತಿ ಗೊಂದಲ. ಚರ್ಚಿಗೆ ಯಾವ ಷರಟು ಹಾಕಿಕೊಳ್ಳಲಿ ಎಂದು ನನ್ನ ಅಕ್ಕ ಇರ್ಮಾಳನ್ನು ಕೇಳುತ್ತಾನೆ. ನೀಲಿಯದು ಎಂದರೆ, ಬಿಳಿಯದಕ್ಕೆ ಏನಾಗಿದೆ ಎನ್ನುತ್ತಾನೆ. ಅವಳು ಇಷ್ಟು ವರ್ಷ ಹೇಗೆ ಬಾಳಿದಳೋ ನನಗೆ ತಿಳಿಯದು.

ಅಂಥವನಿಗೂ ಒಂದೇ ಒಂದು ವಿಷಯದಲ್ಲಿ ಗಟ್ಟಿ ಅಭಿಪ್ರಾಯವಿತ್ತು. ನಮ್ಮ ಫುಟ್‌ಬಾಲ್ ತಂಡ ಮೊದಲ ಸುತ್ತಿನಲ್ಲಿ ಕ್ವಾರ್ಟರ್‌ಬ್ಯಾಕನ್ನೇ ಆರಿಸಿಕೊಳ್ಳಬೇಕು. ಪ್ರತಿ ವಸಂತದಲ್ಲೂ ಅದೇ ರಾಗ. ಏಪ್ರಿಲ್ ಕೊನೆಗೆ ಡ್ರಾಫ್ಟ್ ಬರುತ್ತದೆ, ಕಾಲೇಜು ಆಟಗಾರರನ್ನು ತಂಡಗಳು ಸರದಿಯ ಮೇಲೆ ಹಂಚಿಕೊಳ್ಳುವ ದಿನ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮುಂಚಿನ ಸರದಿ. ಸೋಲುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ, ಹಾಗಾಗಿ ನಮ್ಮ ಸರದಿ ಯಾವಾಗಲೂ ಬೇಗ ಬರುತ್ತದೆ. ಕ್ವಾರ್ಟರ್‌ಬ್ಯಾಕ್ ಅಂದರೆ, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ನಮ್ಮ ಫುಟ್‌ಬಾಲಿನಲ್ಲಿ, ಆಟ ಶುರುವಾದಾಗಲೆಲ್ಲ ಚೆಂಡು ಮೊದಲು ಕೈಗೆ ಬರುವವನು. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಹಿಡಿದುಕೊಂಡು ಓಡಬೇಕೋ, ಎಲ್ಲ ಅವನೇ ತೀರ್ಮಾನಿಸಬೇಕು, ಅದೂ ಎದುರಿನ ದಡಿಯರು ಬಂದು ಮೈಮೇಲೆ ಬೀಳುವುದರೊಳಗೆ. ಒಂದು ಷರಟು ಆರಿಸಲಾಗದ ನನ್ನ ಭಾವನಿಗೆ ಆ ಜಾಗದವನನ್ನು ಕಂಡರೆ ಅಷ್ಟು ಪ್ರೀತಿ ಯಾಕೆಂದು ಯಾರಾದರೂ ಊಹಿಸಬಹುದು.

ಇಪ್ಪತ್ತೇಳು ವರ್ಷದ ಹಿಂದೆ ನಮ್ಮ ತಂಡ ಹಾಗೆ ಆರಿಸಿಕೊಂಡವನು ಬ್ರೆಂಟ್ ಟಾಲಿವರ್. ಆಗ ಡ್ರಾಫ್ಟ್ ಶನಿವಾರ ಮಧ್ಯಾಹ್ನ ನಡೆಯುತ್ತಿತ್ತು. ಇರ್ಮಾ ಅವತ್ತೇ ಹೆರಿಗೆ ನೋವಿನಲ್ಲಿ ಆಸ್ಪತ್ರೆ ಸೇರಿದ್ದಳು. ನಾನೂ ಅಲ್ಲೇ ಇದ್ದೆ. ಯಾರದೋ ರೇಡಿಯೋದಲ್ಲಿ ಟಾಲಿವರ್ ಹೆಸರು ಕೂಗಿದ್ದೇ ತಡ, ಇಡೀ ಓಣಿ ಎದ್ದು ಕುಣಿಯಿತು. ಡಾಕ್ಟರು ಕೂಗಿದರು, ನೆಲ ಒರೆಸುವವನು ಕೂಗಿದ, ಕಾಲಿಗೆ ಪ್ಲಾಸ್ಟರು ಹಾಕಿಕೊಂಡ ಮುದುಕನೊಬ್ಬ ನನ್ನನ್ನು ತಬ್ಬಿಕೊಂಡ. ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ನಮ್ಮ ಊರು ಹಾಗೆ ಖುಷಿಪಟ್ಟದ್ದೇ ಇಲ್ಲ. ಆ ಗದ್ದಲದ ನಡುವೆಯೇ ಕೂಸು ಹುಟ್ಟಿತು, ಹೆಣ್ಣು. ಕ್ಯಾಸ್ ಅದನ್ನು ಎತ್ತಿಕೊಂಡು ಕಣ್ಣೀರು ಸುರಿಸುತ್ತ, "ಟಾಲಿವರ್" ಎಂದ. ಅರೆ ಎಚ್ಚರದಲ್ಲಿದ್ದ ಇರ್ಮಾ ಹೂಂ ಎಂದುಬಿಟ್ಟಳು.

"ಲೋ, ಆ ಹುಡುಗ ಇನ್ನೂ ಒಂದು ಚೆಂಡೂ ಎಸೆದಿಲ್ಲ!" ಎಂದೆ ನಾನು.

"ಎಸೀತಾನೆ, ನೋಡ್ತಿರು ಬರ್ನಿ," ಎಂದ.

ಹುಡುಗ ಎಸೆದದ್ದೇನೋ ನಿಜ, ಬಹಳಷ್ಟು ಸಲ ಎದುರಿನ ತಂಡದವರ ಕೈಗೆ. ಆ ಬೇಸಿಗೆಯಲ್ಲಿ ನಮ್ಮ ಚರ್ಚಿನಲ್ಲಿ ಇನ್ನೂ ಎರಡು ಟಾಲಿವರ್‌ಗಳಿಗೆ ಜ್ಞಾನಸ್ನಾನವಾಗಿತ್ತು. ಕ್ರಿಸ್ಮಸ್ ಕಳೆಯುವುದರೊಳಗೆ ಆ ಮನೆಯವರು ಸದ್ದಿಲ್ಲದೆ ಹೆಸರು ಬದಲಿಸಿಕೊಂಡರು. ಇರ್ಮಾ ಕೇಳಿದಳು, ನಾವೂ ಬದಲಿಸೋಣವಾ ಎಂದು. "ಇನ್ನೊಂದ್ ವರ್ಷ ನೋಡೋಣ," ಎಂದ ಕ್ಯಾಸ್. ಈ ಊರಿನಲ್ಲಿ ಎಲ್ಲರೂ ಎಲ್ಲದಕ್ಕೂ ಹೇಳುವ ಮಾತೇ ಅದು. ಮಗಳ ಹೆಸರು ಬದಲಿಸಿದರೆ ಹುಡುಗನ ಮೇಲಿನ ನಂಬಿಕೆ ಬಿಟ್ಟಂತೆ ಎಂದು ಆ ಪುಣ್ಯಾತ್ಮ ಲೆಕ್ಕ ಹಾಕಿದ್ದ. ಕೊನೆಗೆ ತಂಡವೇ ಟಾಲಿವರನನ್ನು ಮನೆಗೆ ಕಳಿಸುವ ಹೊತ್ತಿಗೆ ಮಗುವಿಗೆ ಮೂರು ತುಂಬಿತ್ತು. ಟಾಲಿ ಎಂದು ಕರೆದರೆ ಓಡಿ ಬರುತ್ತಿತ್ತು.

ಅವನು ಊರು ಬಿಟ್ಟು ಹೋದ, ಹೆಸರು ಹೋಗಲಿಲ್ಲ. ನಮ್ಮಲ್ಲಿ ಕಾರು ಚಳಿಗೆ ಶುರುವಾಗದಿದ್ದರೆ ಟಾಲಿವರ್ ಆಯಿತು ಎನ್ನುತ್ತಾರೆ. ಹಿಟ್ಟು ಉಬ್ಬದಿದ್ದರೆ ಟಾಲಿವರ್. ಮದುವೆ ಮುರಿದರೆ ಟಾಲಿವರ್. ಆ ಹುಡುಗನ ಆಟ ನೋಡದ ಚಿಕ್ಕ ಮಕ್ಕಳೂ ಬಸ್ಸಿನಲ್ಲಿ ನನ್ನ ಬೆನ್ನ ಹಿಂದೆ ಆ ಮಾತು ಆಡುತ್ತಿದ್ದರು, ಮೂರನೇ ಸಾಲಿನ ಕಿಟಕಿ ಪಕ್ಕ ನನ್ನ ಅಕ್ಕನ ಮಗಳು ಕೂತಿರುವಾಗಲೇ. ಬ್ರೇಕು ಒತ್ತಿ ಬಸ್ಸು ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಬೇಕು ಅನ್ನಿಸುತ್ತಿತ್ತು. ಅವಳು ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದಳು. ಈಗ ಹಲ್ಲಿನ ಡಾಕ್ಟರೊಬ್ಬರ ಬಳಿ ರೋಗಿಗಳ ಹಲ್ಲು ಶುಚಿ ಮಾಡುವ ಕೆಲಸ ಅವಳದು. ಬಾಯಿ ತೆರೆದು ಮಲಗಿದವರು ಅವಳ ಎದೆಯ ಮೇಲಿನ ಹೆಸರು ಓದಿ, ತೆರೆದ ಬಾಯಲ್ಲೇ ನಗುತ್ತಾರಂತೆ.

ಈ ವರ್ಷದ ಈಸ್ಟರ್ ಊಟಕ್ಕೆ ಇರ್ಮಾಳ ಮನೆಯಲ್ಲಿ ಸೇರಿದ್ದೆವು. ಹಂದಿ ತೊಡೆ, ಕೆಂಪು ಮೂಲಂಗಿಯ ಖಾರ, ನಡುವೆ ಬೆಣ್ಣೆಯಲ್ಲಿ ತಿದ್ದಿ ಮಾಡಿದ ಕುರಿಮರಿ, ಎಲ್ಲ ಎಂದಿನಂತೆ. ಟಾಲಿ ಆರು ತಿಂಗಳ ಬಸುರಿ. ಗಂಡನಿಗೆ ಅವತ್ತು ಪಾಳಿ ಇತ್ತು, ಬಂದಿರಲಿಲ್ಲ. ಕ್ಯಾಸ್ ಬೆಣ್ಣೆ ಕುರಿಮರಿಯ ತಲೆ ಕತ್ತರಿಸಲೋ ಬಾಲ ಕತ್ತರಿಸಲೋ ಎಂದು ಚಾಕು ಹಿಡಿದು ಕೂತಿದ್ದಾಗ ಅವಳು ಮಾತು ತೆಗೆದಳು.

"ಅಪ್ಪಾ, ನಾನು ಹೆಸರು ಬದಲಾಯಿಸ್ಕೊಳ್ತೀನಿ."

ಚಾಕು ಅಲ್ಲೇ ನಿಂತಿತು.

"ಮಗು ನಾಳೆ ಸ್ಕೂಲಿಗೆ ಹೋದಾಗ ಅಮ್ಮನ ಹೆಸರೇನು ಅಂತ ಕೇಳ್ತಾರೆ. ಅದು ಈ ಹೆಸರು ಹೇಳೋದು ಬೇಡ. ಡ್ರಾಫ್ಟ್ ಮುಗಿದ ಮಾರನೇ ದಿನ ಕೋರ್ಟಿಗೆ ಅರ್ಜಿ ಕೊಡ್ತೀನಿ."

"ಡ್ರಾಫ್ಟ್ ಯಾಕೆ ನಡುವೆ ಬಂತೇ?" ಎಂದೆ ನಾನು.

"ಯಾಕಂದ್ರೆ ಚಿಕ್ಕಮ್ಮ, ಹೊಸ ಹೆಸರು ಅಪ್ಪಾನೇ ಆರಿಸ್ಬೇಕು." ಅವಳು ಅಪ್ಪನ ಕಡೆ ತಿರುಗಿದಳು. "ಸೋತವರಿಗೆ ತಾನೆ ಮುಂಚಿನ ಸರದಿ? ನೀನು ಒಂದ್ಸಲ ಸೋತಿದ್ದೀಯ. ಇನ್ನೊಂದು ಸರದಿ ಕೊಡ್ತಿದ್ದೀನಿ. ಡ್ರಾಫ್ಟ್ ದಿನದ ತನಕ ಟೈಮು."

"ಹೇಳ್ದೇ ಇದ್ರೆ?"

"ಆವತ್ತು ನೀನು ಹೆಸರಿಟ್ಟಿದ್ದು ಅವನಿಗೆ, ನಂಗಲ್ಲ ಅಂತ ತಿಳ್ಕೋತೀನಿ."

ಅವಳು ಕೂಗಾಡಲಿಲ್ಲ, ಅಳಲಿಲ್ಲ. ಮೂಲಂಗಿ ಬಟ್ಟಲು ನನ್ನ ಕಡೆ ಸರಿಸಿದಳು. ಇಷ್ಟು ವರ್ಷ ಈ ಹುಡುಗಿ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಮ್ಮ ಜೊತೆ ಕೂತು ಉಂಡಿದ್ದಾಳಲ್ಲ ಎಂದು ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ಭಾವನ ಮೇಲೆ ಸಿಟ್ಟು ಬಂತು.

ಮುಂದಿನ ವಾರ ಅವನು ನನ್ನ ಅಡುಗೆಮನೆಗೆ ಬಂದ. ಬೂಟಿಗೆ ಹಳದಿ ಬಣ್ಣ ಅಂಟಿತ್ತು. ಕೂತ, ಎದ್ದ, ಮತ್ತೆ ಕೂತ.

"ಬರ್ನಿ, ಕ್ವಾರ್ಟರ್‌ಬ್ಯಾಕ್ ತಗೋಬೇಕಾ, ಬೇಡ್ವಾ?"

"ನಿನ್ನ ಮಗಳ ಹೆಸರಿನ ವಿಷ್ಯ ಮಾತಾಡೋ ಮಾರಾಯ!"

"ಅದನ್ನೇ ಮಾತಾಡ್ತಿರೋದು," ಎಂದು ತಲೆ ಕೆರೆದುಕೊಂಡ. "ಪೈಕ್ ಅಂತ ಒಬ್ಬ ಹುಡುಗ ಇದ್ದಾನೆ. ಕೈ ಬಲ ಚೆನ್ನಾಗಿದೆ, ತಲೇನೂ ಓಡತ್ತೆ. ನಮ್ಮ ಸರದಿ ಬರೋ ಹೊತ್ತಿಗೆ ಉಳಿದಿರ್ತಾನೆ ಅಂತಾರೆ. ಮೊದ್ಲಾಗಿದ್ರೆ ಕಣ್ಮುಚ್ಕೊಂಡು ತಗೊಳ್ಳಿ ಅಂತಿದ್ದೆ."

"ಈಗೇನು ದಾಡಿ?"

"ಎಸೆಯೋನ ಮುಂದೆ ಐದು ಜನ ಗೋಡೆ ಥರ ನಿಲ್ಬೇಕು ಕಣೆ. ನಮ್ಮೋರಲ್ಲಿ ಆ ಗೋಡೆನೇ ಇಲ್ಲ. ಹುಡುಗನ್ನ ತಂದು ನಿಲ್ಸಿದ್ರೆ ಮೊದಲ್ನೇ ವರ್ಷವೇ ಜಜ್ಜಿ ಹಾಕ್ತಾರೆ. ಟಾಲಿವರ್‌ಗೂ ಹಂಗೇ ಆಗಿದ್ದು. ಅವನು ಕೆಟ್ಟ ಆಟಗಾರ ಅಲ್ಲ ಬರ್ನಿ. ಅವನ್ನ ಕಾಯೋರು ಯಾರೂ ಇರ್ಲಿಲ್ಲ."

ಇಷ್ಟು ವರ್ಷದ ಮೇಲೂ ಅವನ ಪರವಾಗಿ ವಕಾಲತ್ತು! ನನಗೆ ತಡೆಯಲಾಗಲಿಲ್ಲ.

"ಹುಡುಗೀನ ಕಾಯೋರು ಇದ್ರಾ?" ಎಂದೆ.

ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. ಆ ಕ್ಷಣ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ತಾನೇ ಮೆಲ್ಲಗೆ ಕೇಳಿದ, "ಡೊರತಿ ಅಂದ್ರೆ ಹೆಂಗೆ?"

"ಡೊರತಿ ನಿಮ್ಮ ನಾಯಿ ಹೆಸರು."

"ಸತ್ತು ಎಷ್ಟೋ ವರ್ಷ ಆಯ್ತು. ಒಳ್ಳೇ ನಾಯಿ."

"ಕ್ಯಾಸ್!"

"ಸರಿ, ಸರಿ. ಫಿಲಿಸ್? ಫಿಲಿಸ್ ಅಂದ್ರೆ ಆ ಬ್ಯಾಂಕಿನೋಳು ಜ್ಞಾಪಕ ಬರ್ತಾಳೆ. ಅಡೆಲ್? ಅಡೆಲ್ ಚೆನ್ನಾಗಿದೆ. ಚೆನ್ನಾಗಿದ್ಯಾ? ನಂಗೆ ಗೊತ್ತಾಗ್ತಿಲ್ಲ. ಪೈಕ್‌ನ ಬಿಟ್ಟು ಅಯೋವಾ ಕಾಲೇಜಿನ ಆ ದಡಿಯನ್ನ ತಗೊಂಡ್ರೆ ಗೋಡೆ ಆಗತ್ತೆ. ಆದ್ರೆ ಗೋಡೆ ಹಿಂದೆ ಯಾರು ನಿಲ್ತಾರೆ? ಬರೀ ಗೋಡೆ ಕಟ್ಕೊಂಡು ಏನ್ಮಾಡೋದು?"

ಆ ಹೊತ್ತಿಗೆ ನನಗೂ ತಲೆ ಕೆಟ್ಟು ಹೋಗಿತ್ತು. ನಾವು ಮಗಳ ಮಾತಾಡುತ್ತಿದ್ದೇವೋ ಆಟದ ಮಾತಾಡುತ್ತಿದ್ದೇವೋ ಇಬ್ಬರಿಗೂ ತಿಳಿಯಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ನಿಂತು, "ಅಡೆಲ್ ಬೇಡ," ಎಂದು ಹೇಳಿ ಹೋದ.

ಡ್ರಾಫ್ಟ್ ದಿನ ಸಂಜೆ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ದೊಡ್ಡ ಟೀವಿ ಹಚ್ಚಿದ್ದರು. ಪ್ರತಿ ವರ್ಷ ಹಾಗೆಯೇ. ನಾನು ಅಡುಗೆ ಕಿಟಕಿಯಲ್ಲಿ ನಿಂತು ಪಿಯರೋಗಿ ಕಡುಬು ಬಡಿಸುತ್ತಿದ್ದೆ. ಆಲೂಗಡ್ಡೆ ತುಂಬಿದ್ದಕ್ಕೆ ಒಂದು ಸಾಲು, ಎಲೆಕೋಸಿನದಕ್ಕೆ ಒಂದು ಸಾಲು. ಐದನೇ ಸರದಿ ನಮ್ಮದು. ಮಾಂಸದಂಗಡಿಯ ಲುಡ್ವಿಕ್ ಮೇಜಿನ ಮೇಲೆ ಗುದ್ದುತ್ತ, "ನಮ್ಮ ಶಾಸ್ತ್ರಿಗಳು ಎಲ್ಲಿ? ಕ್ಯಾಸ್ ಎಲ್ಲಿ?" ಎಂದು ಅರಚುತ್ತಿದ್ದ. ಅವರಿಗೆ ಅದೊಂದು ತಮಾಷೆ. ಕ್ಯಾಸ್ ಏನು ಹೇಳುತ್ತಾನೋ ಅದರ ಉಲ್ಟಾ ಮಾಡಿದರೆ ತಂಡ ಉದ್ಧಾರವಾಗುತ್ತದೆ ಎಂದು ಊರಿನ ನಂಬಿಕೆ.

ಕ್ಯಾಸ್ ಇರ್ಮಾಳ ಜೊತೆ ಬಂದ. ಬಿಳಿ ಷರಟು ಹಾಕಿದ್ದ. ಟಾಲಿ ಆಗಲೇ ಬಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಕಾಲು ಚಾಚಿಕೊಂಡಿದ್ದಳು.

"ಹೇಳಪ್ಪ ಶಾಸ್ತ್ರಿ! ಪೈಕ್‌ನ ತಗೋಬೇಕಾ ಬೇಡ್ವಾ?" ಎಂದ ಲುಡ್ವಿಕ್. "ನೀನು ಹೂಂ ಅಂದ್ರೆ ನಾವು ಈಗ್ಲೇ ಅಳೋಕೆ ಶುರು ಮಾಡ್ತೀವಿ."

"ನಂಗೊತ್ತಿಲ್ಲ," ಎಂದ ಕ್ಯಾಸ್.

"ಏನು?"

"ನಂಗೊತ್ತಿಲ್ಲ ಲುಡ್ಡಿ. ತಗೊಂಡ್ರೂ ಸರಿ ಅನ್ಸತ್ತೆ, ಬಿಟ್ರೂ ಸರಿ ಅನ್ಸತ್ತೆ. ಎರಡೂ ತಪ್ಪು ಅಂತಾನೂ ಅನ್ಸತ್ತೆ."

ಲುಡ್ವಿಕ್ ನಿಜವಾಗಿಯೂ ಬೆಪ್ಪಾದ. "ಹಂಗಂದ್ರೆ ಉಲ್ಟಾ ಯಾವ್ದು?" ಎಂದು ಪಕ್ಕದವನನ್ನು ಕೇಳಿದ. ಪಕ್ಕದವನಿಗೂ ತಿಳಿಯಲಿಲ್ಲ.

ನಾಲ್ಕು ತಂಡಗಳು ತಮಗೆ ಬೇಕಾದವರನ್ನು ತೆಗೆದುಕೊಂಡವು. ಪೈಕ್ ಉಳಿದಿದ್ದ, ಅಯೋವಾದ ದಡಿಯನೂ ಉಳಿದಿದ್ದ. ಜನ ಕುರ್ಚಿಯ ತುದಿಗೆ ಬಂದರು. ಟೀವಿಯಲ್ಲಿ ಸೂಟು ತೊಟ್ಟವನು ಬಂದು ಓದಿದ. ನಮ್ಮ ತಂಡ ಐದನೇ ಸರದಿಯನ್ನೇ ಬೇರೊಂದು ತಂಡಕ್ಕೆ ಬಿಟ್ಟುಕೊಟ್ಟಿದೆ, ಬದಲಿಗೆ ಮುಂದಿನ ವರ್ಷದ ಸರದಿಗಳು ಸಿಗುತ್ತವೆ ಎಂದ.

"ಅಂದ್ರೆ ನಾವು ಯಾರನ್ನ ತಗೊಂಡ್ವಿ?" ಎಂದು ಒಬ್ಬ ಕೇಳಿದ.

"ಯಾರನ್ನೂ ಇಲ್ಲ."

"ಒಳ್ಳೇದೇ ಆಯ್ತಲ್ವಾ?"

"ಒಳ್ಳೇದಾ? ಮಂಗ! ಪೈಕ್ ಹೋದ!"

"ನೀನೇ ತಾನೆ ಪೈಕ್ ಬೇಡ ಅಂದಿದ್ದು?"

"ನಾನು ಬೇಡ ಅಂದೆ. ಹೋಗ್ಲಿ ಅಂದ್ನಾ?"

ಅಳಬೇಕೋ ನಗಬೇಕೋ ಯಾರಿಗೂ ಗೊತ್ತಾಗಲಿಲ್ಲ. ಕೆಲವರು ಚಪ್ಪಾಳೆ ತಟ್ಟಿ, ಬೇರೆಯವರು ತಟ್ಟದ್ದು ನೋಡಿ ನಿಲ್ಲಿಸಿದರು. ಈ ಗದ್ದಲದಲ್ಲಿ ಟಾಲಿ ಎದ್ದು, ಸೊಂಟಕ್ಕೆ ಕೈ ಕೊಟ್ಟುಕೊಂಡು ಅಪ್ಪನ ಎದುರು ಬಂದು ಕೂತಳು. ನಾನು ಸೌಟು ಇಟ್ಟು ಹತ್ತಿರ ಹೋದೆ. ಕದ್ದು ಕೇಳುವ ಉದ್ದೇಶ ಇರಲಿಲ್ಲ ಎಂದು ಹೇಳಲಾರೆ.

"ಅವರ ಸರದಿ ಮುಗೀತು ಅಪ್ಪಾ. ನಿಂದು?"

ಕ್ಯಾಸ್ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದ, ಅದರ ಪಕ್ಕ ಇನ್ನೊಂದು ಎಳೆದ.

"ಸಿಗ್ಲಿಲ್ಲ ಕಣಮ್ಮ."

"ಒಂದೂ ಸಿಗ್ಲಿಲ್ವಾ?"

"ಲಾರೀಲಿ ಹೋಗ್ತಾ ಒಂದೊಂದೇ ಹೆಸರು ಜೋರಾಗಿ ಕರೆದು ನೋಡ್ದೆ. ಅಡೆಲ್ ಅಂತ ಕರೆದೆ, ರೂತ್ ಅಂತ ಕರೆದೆ. ಯಾವ ಹೆಸರಿಗೂ ನೀನು ತಿರುಗಿ ನೋಡ್ಲಿಲ್ಲ. ಅಂದ್ರೆ, ನನ್ನ ತಲೇಲಿ. ಬೇರೆ ಯಾರೋ ಹುಡುಗಿ ತಿರುಗ್ತಿದ್ಲು." ಅವನು ಮೂಗು ಒರೆಸಿಕೊಂಡ. "ನೀನು ಅವತ್ತು ಹೇಳಿದ್ಯಲ್ಲ, ಅವನಿಗೆ ಹೆಸರಿಟ್ಟೆ, ನಂಗಲ್ಲ ಅಂತ. ಹಂಗಲ್ಲಮ್ಮ. ಅವನನ್ನ ನಾನು ನೋಡೇ ಇರ್ಲಿಲ್ಲ. ನಿನ್ನ ಎತ್ಕೊಂಡಿದ್ದೆ. ಹೊರಗೆ ಎಲ್ರೂ ಕೂಗ್ತಿದ್ರು. ನಿನಗೋಸ್ಕರಾನೇ ಕೂಗ್ತಿದ್ದಾರೆ ಅನ್ನಿಸ್ತು. ಬಾಯಿಗೆ ಅದೇ ಬಂತು. ಅವತ್ತು ಇಬ್ರನ್ನ ನಂಬ್ದೆ. ಒಬ್ಬ ಕೈಕೊಟ್ಟ. ನೀನು ಕೊಡ್ಲಿಲ್ಲ. ನಾನು ನಿಂಗೆ ಕೈಕೊಟ್ಟೆ, ಅದು ಬೇರೆ."

ಇರ್ಮಾ ಮಗಳಿಗೆಂದು ಕರವಸ್ತ್ರ ಹುಡುಕಿದಳು. ಇಷ್ಟು ಹೇಳುವುದಕ್ಕೆ ಈ ಮನುಷ್ಯನಿಗೆ ಇಪ್ಪತ್ತೇಳು ವರ್ಷ ಬೇಕಾಯಿತಲ್ಲ ಎಂದು ನನಗೆ ಅವನ ತಲೆಗೆ ಸೌಟಿನಲ್ಲಿ ಹೊಡೆಯಬೇಕು ಅನ್ನಿಸಿತು, ಹಾಗೇ ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

"ಆದ್ರೂ ಹೆಸರು ಬದಲಾಯಿಸ್ತೀನಿ ಅಪ್ಪಾ," ಎಂದಳು ಅವಳು.

"ಬದಲಾಯಿಸು. ನನ್ನ ಸರದಿ ನಿಂಗೇ ಬಿಟ್ಕೊಡ್ತೀನಿ. ಅವರೂ ಬಿಟ್ಕೊಟ್ರಲ್ಲ."

"ಬದಲಿಗೆ ಏನು ಬೇಕು?"

"ಏನೂ ಬೇಡ. ಬರೋಕೆ ಹೋಗೋಕೆ ಬಿಟ್ರೆ ಸಾಕು."

ಅವಳು ಕಣ್ಣೊರೆಸಿಕೊಂಡು, ಬಹುದಿನದಿಂದ ಯೋಚಿಸಿ ಇಟ್ಟಿದ್ದಂತೆ ತಟ್ಟನೆ ಹೇಳಿದಳು, "ಮಾರ್ತಾ."

"ಮಾರ್ತಾ ಯಾರು?" ಎಂದು ಕ್ಯಾಸ್ ಗಾಬರಿಯಾದ. "ಯಾವ ತಂಡದೋಳು?"

"ಯಾರೂ ಅಲ್ಲ. ಅದಕ್ಕೇ."

ಜೂನಿನಲ್ಲಿ ಕೋರ್ಟು ಒಪ್ಪಿತು. ಹಲ್ಲಿನ ಡಾಕ್ಟರ ಬಳಿ ಎದೆಯ ಮೇಲಿನ ಹೆಸರೂ ಬದಲಾಯಿತು. ನಾವೆಲ್ಲ ಕಷ್ಟಪಟ್ಟು ಕಲಿತೆವು, ತಪ್ಪಿದೆವು, ನಾಲಿಗೆ ಕಚ್ಚಿಕೊಂಡೆವು. ಕ್ಯಾಸ್ ಮಾತ್ರ ತಪ್ಪಲೂ ಇಲ್ಲ, ಸರಿಯಾಗಿ ಹೇಳಲೂ ಇಲ್ಲ. ಅವನು ಅವಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟ. ಫೋನಿನಲ್ಲಿ "ಏನಮ್ಮ", "ಮಗಳೇ", "ನೋಡಿಲ್ಲಿ" ಎನ್ನುತ್ತಿದ್ದ. ಬೇಕೆಂದೇ ಮಾಡುತ್ತಿದ್ದಾನೋ, ಬರುತ್ತಲೇ ಇಲ್ಲವೋ ಎಂದು ಇರ್ಮಾಳಿಗೂ ಗೊತ್ತಾಗಲಿಲ್ಲ. ಮಗಳೂ ಕೇಳಲಿಲ್ಲ. ಆದರೆ ಅವಳ ಫೋನುಗಳು ಕಡಿಮೆಯಾಗುತ್ತಾ ಬಂದವು. ಅದು ನನಗೆ ಸರಿಕಾಣಲಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ ಅಳಿಯ ಫೋನು ಮಾಡಿದ, ಗಂಡು ಮಗು ಎಂದು. ಇರ್ಮಾ ಮುಂಚೆಯೇ ಅಲ್ಲಿದ್ದಳು. ಕ್ಯಾಸ್‌ನನ್ನು ರಸ್ತೆ ಕೆಲಸದಿಂದ ಕರೆದುಕೊಂಡು ಹೋಗುವ ಪಾಳಿ ನನ್ನದಾಯಿತು. ಬಣ್ಣ ಮೆತ್ತಿದ ಬಟ್ಟೆಯಲ್ಲೇ ಬಂದ. ಹೆರಿಗೆ ವಾರ್ಡಿನ ಬಾಗಿಲಿಗೆ ಬೀಗ. ಪಕ್ಕದ ಮೇಜಿನ ಹಿಂದೆ ಕೂತ ನರ್ಸು ಹೊಸಬಳು, ಬೇರೆ ಊರಿನವಳಿರಬೇಕು.

"ಯಾರನ್ನ ನೋಡ್ಬೇಕಿತ್ತು?"

"ಟಾಲಿವರ್," ಎಂದ ಕ್ಯಾಸ್. ಒಂದೇ ಉಸಿರಿಗೆ ಬಂತು.

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ನಗಲೂ ಇಲ್ಲ. "ಆ ಹೆಸರಿನೋರು ಇಲ್ಲಿ ಯಾರೂ ಇಲ್ವಲ್ಲ ಸಾರ್."

"ಇದ್ದಾಳೆ. ನನ್ನ ಮಗಳು. ಇಲ್ಲೇ ಹೆರಿಗೆಯಾಗಿದೆ."

"ಟಾಲಿವರ್ ಅಂತ ಯಾರೂ ಇಲ್ಲ ಸಾರ್."

ಅವನು ತಬ್ಬಿಬ್ಬಾಗಿ ನನ್ನತ್ತ ನೋಡಿದ. ಅವನ ಮುಖ ಬಿಳುಚಿಕೊಂಡಿತ್ತು. ಬೇರೆ ಆಸ್ಪತ್ರೆಗೆ ಬಂದುಬಿಟ್ಟೆವೇನೋ, ಏನಾದರೂ ಆಗಿಹೋಯಿತೇನೋ ಎಂದೆಲ್ಲ ಅದರಲ್ಲಿ ಕಾಣುತ್ತಿತ್ತು. ಹೇಳಿಬಿಡೋಣ ಎಂದು ನನ್ನ ಬಾಯಿಗೆ ಬಂದಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ. ಇದು ಅವನೇ ಹೇಳಬೇಕಾದ ಮಾತು.

ಅವನು ಮತ್ತೆ ಅವಳ ಕಡೆ ತಿರುಗಿ, ಮೇಜಿನ ಅಂಚು ಹಿಡಿದುಕೊಂಡ.

"ಮಾರ್ತಾ," ಎಂದ. ಧ್ವನಿ ಅರ್ಧಕ್ಕೇ ನಿಂತಿತು. ಇನ್ನೊಮ್ಮೆ, ಓಣಿಗೆಲ್ಲ ಕೇಳುವಂತೆ ಹೇಳಿದ, "ಮಾರ್ತಾ. ನನ್ನ ಮಗಳ ಹೆಸರು ಮಾರ್ತಾ."

ನರ್ಸು ಗುಂಡಿ ಒತ್ತಿ ಬಾಗಿಲು ತೆರೆದಳು.